ಒಂಟಿಮಾನ

ಜ್ವರವನ್ನು ಅಳೆಯಲು ಮನುಷ್ಯ ಬಹಳ ಹಿಂದೆಯೇ ಕಲಿತಿದ್ದ. ರಕ್ತದೊತ್ತಡ, ಸಕ್ಕರೆ ಇವೆಲ್ಲ ಆಮೇಲೆ ಬಂದವು. ಒಂಟಿತನವನ್ನು ಅಳೆಯುವ ಪಟ್ಟಿ ಬಂದದ್ದು ಮಾತ್ರ ತೀರ ತಡವಾಗಿ. ತೋಳಿನ ಮೇಲ್ಭಾಗಕ್ಕೆ ಅಂಟಿಸುವ, ಗಾಯಕ್ಕೆ ಹಾಕುವ ಪಟ್ಟಿಯಷ್ಟೇ ಅಗಲದ ವಸ್ತು ಅದು. ಅದರ ಹಿಂದಿನ ತತ್ವ ಸರಳ. ತನ್ನನ್ನು ಕಾಯಲು ಯಾರೂ ಇಲ್ಲ ಎಂದು ತಿಳಿದ ದೇಹ ತಾನೇ ಕಾವಲಿಗೆ ನಿಲ್ಲುತ್ತದೆ. ನಿದ್ದೆ ತೆಳುವಾಗುತ್ತದೆ, ಇನ್ನೂ ಆಗದ ಗಾಯಕ್ಕೆ ರಕ್ತ ಮೊದಲೇ ಸಿದ್ಧವಾಗುತ್ತದೆ, ಬೆಳಗ್ಗೆ ಏರಿದ ಒತ್ತಡದ ರಸಗಳು ಸಂಜೆಯಾದರೂ ಇಳಿಯುವುದಿಲ್ಲ. ಇದನ್ನೆಲ್ಲ ಚರ್ಮದಡಿಯ ದ್ರವದಲ್ಲಿ ಓದಿ, ಕೂಡಿ ಕಳೆದು, ಪಟ್ಟಿ ಒಂದು ಸಂಖ್ಯೆ ಹೇಳುತ್ತಿತ್ತು. ಉಷ್ಣಮಾನ ಎನ್ನುವ ಹಾಗೆ ಅದಕ್ಕೆ ಒಂಟಿಮಾನ ಎಂದು ಹೆಸರಾಯಿತು.

ಅಳತೆ ಬಂದ ಮೇಲೆ ಇಲಾಖೆ ಬಂತು. ಇಲಾಖೆಯ ಬೆನ್ನಿಗೆ ನಿಯಮಗಳು ಬಂದವು. ಒಂಟಿಮಾನ ಅರವತ್ತು ದಾಟಿದವರು ಯಾರೇ ಆಗಲಿ, ಅವರಿಗೆ ವಾರಕ್ಕೊಮ್ಮೆ ಒಬ್ಬ ಭೇಟಿಗಾರ ಸಿಗಬೇಕು. ಸಂಖ್ಯೆ ಅರವತ್ತರ ಕೆಳಗೆ ಒಂದು ತಿಂಗಳು ನಿಂತರೆ ಅವರು ಗುಣವಾದಂತೆ. ಭೇಟಿಗಾರ ಪಾಳಿಯಲ್ಲಿರುವ ಮುಂದಿನವರ ಕಡೆ ಹೋಗಬೇಕು. ಭೇಟಿಗಾರರೆಂದರೆ ಬಹುಪಾಲು ಕಾಲೇಜು ಹುಡುಗ ಹುಡುಗಿಯರು. ಸ್ವಯಂಸೇವೆ ಎಂದು ಅದರ ಹೆಸರು. ಮಾಡದಿದ್ದರೆ ಪದವಿ ಸಿಗುತ್ತಿರಲಿಲ್ಲ, ಅಷ್ಟೆ.

ಭೇಟಿಗಾರರ ತೋಳಿಗೂ ಒಂದು ಪಟ್ಟಿ ಇರುತ್ತಿತ್ತು. ಎಳೆಯರ ಮನಸ್ಸಿನ ಏರಿಳಿತ ಹಿರಿಯರ ಲೆಕ್ಕದಲ್ಲಿ ಬೆರೆಯಬಾರದೆಂದು, ಅದನ್ನು ಕಳೆದುಬಿಡುವುದಕ್ಕೆ ಮಾತ್ರ ಅದರ ಬಳಕೆ. ಎಣ್ಣೆ ತೂಗುವಾಗ ಪಾತ್ರೆಯ ತೂಕ ಕಳೆಯುತ್ತಾರಲ್ಲ, ಹಾಗೆ. ಪಾತ್ರೆ ಎಷ್ಟು ಭಾರ ಎಂದು ಯಾರೂ ಕೇಳುವುದಿಲ್ಲ.

ಸೋನಾ ಲಮಾಣಿ ಬಾಗಲಕೋಟೆಯ ನವನಗರದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ ಹುಡುಗಿ. ಹಳೆಯ ಊರು ಹಿನ್ನೀರಿಗೆ ಹೋದಾಗ ಕಟ್ಟಿದ ಊರು ಅದು. ಓಣಿಗಳಿಗೆ ಹೆಸರಿಲ್ಲ, ಸೆಕ್ಟರ್ ನಂಬರುಗಳಿವೆ. ಅವಳಿಗೆ ಸಿಕ್ಕಿದ ಸೇವೆ ಎರಡು ಬಗೆಯದು. ಬುಧವಾರ ಮಧ್ಯಾಹ್ನ ‘ನೆರಳು’ ಶುಶ್ರೂಷಾ ನಿಲಯದ ಮೇಲ್ಮಹಡಿಯ ನಿಗಾ ಕೊಠಡಿಯಲ್ಲಿ ಪರದೆಗಳ ಮುಂದೆ ಕೂರಬೇಕು. ಶನಿವಾರ ಅದೇ ನಿಲಯದ ಕೆಳಗಿನ ಕೋಣೆಯಲ್ಲಿ ಗಜರಾಬಾಯಿ ಕೆರೂರ ಎಂಬವರನ್ನು ಭೇಟಿಯಾಗಬೇಕು.

ಗಜರಾಬಾಯಿ ನಾಟಕ ಕಂಪನಿಯ ನಟಿ. ಕಂಪನಿ ಮುಚ್ಚಿ ಎಷ್ಟೋ ಕಾಲವಾಗಿತ್ತು, ಸೊಂಟದ ಮೂಳೆ ಮುರಿದು ಗಾಲಿ ಕುರ್ಚಿಗೆ ಬಿದ್ದಿದ್ದರು, ಆದರೂ ಮುಖಕ್ಕೆ ಪೌಡರ್ ಹಚ್ಚದೆ ಯಾರಿಗೂ ದರ್ಶನ ಕೊಡುತ್ತಿರಲಿಲ್ಲ. ಮೊದಲ ಶನಿವಾರ ಸೋನಾ ತರಬೇತಿಯಲ್ಲಿ ಕಲಿಸಿದ ಮೂರು ಪ್ರಶ್ನೆಗಳನ್ನು ಒಂದೇ ಉಸಿರಿಗೆ ಕೇಳಿದಳು.

“ಊಟ ಆತೇನ್ರಿ ಅಜ್ಜಿ? ನಿದ್ದಿ ಚೊಲೊ ಬಂತೇನ್ರಿ? ಯಾರದರ ನೆನಪು ಬಂತೇನ್ರಿ?”

ಗಜರಾಬಾಯಿ ಅವಳನ್ನು ಮೇಲಿಂದ ಕೆಳಗೆ ನೋಡಿದರು. “ಒಂದನೇದ್ದು, ಅಜ್ಜಿ ಅನಬ್ಯಾಡ. ಕಂಪನಿಯೊಳಗ ಎಲ್ಲಾರೂ ಬಾಯಾರ ಅಂತಿದ್ರು. ಎರಡನೇದ್ದು, ಈ ಡೈಲಾಗ್ ಯಾರು ಬರದು ಕೊಟ್ಟಾರ? ಜೀವಾನ ಇಲ್ಲ ಇದರೊಳಗ. ಹೋಗು, ಬಾಗಲದ ಹೊರಗ ನಿಂತು ಮತ್ತ ಎಂಟ್ರಿ ತಗೊ.”

ಸೋನಾ ತಮಾಷೆ ಎಂದುಕೊಂಡಳು. ಅಲ್ಲ. ಅವತ್ತು ನಾಲ್ಕು ಸಲ ಹೊರಗೆ ಹೋಗಿ ಒಳಗೆ ಬರಬೇಕಾಯಿತು. ನಾಲ್ಕನೆಯ ಸಲ ಸಿಟ್ಟು ಬಂದು, “ಉಂಡೀರಿಲ್ಲೋ ಬಾಯಾರ?” ಎಂದು ಜೋರಾಗಿಯೇ ಕೇಳಿದಳು. “ಹಾಂ, ಈಗ ಮನಷ್ಯಾ ಮಾತಾಡಿದಂಗಾತು, ಕುಂದ್ರು” ಎಂದರು ಗಜರಾಬಾಯಿ.

ಹಾಗೆ ಶುರುವಾಯಿತು. ಶನಿವಾರಗಳು ಹೋದಂತೆ ಗಜರಾಬಾಯಿ ಕಂಪನಿಯ ಕಥೆಗಳನ್ನೆಲ್ಲ ಬಿಚ್ಚಿದರು. ಜನ ಮೆಚ್ಚಿದರೆ ‘ವನ್ಸ್ ಮೋರ್’ ಎಂದು ಕೂಗುತ್ತಿದ್ದರಂತೆ. ಕೂಗಿದ ಮೇಲೆ ಇಲ್ಲವೆನ್ನುವ ಹಾಗಿಲ್ಲ. ಪಾತ್ರ ಸತ್ತು ಬಿದ್ದಿದ್ದರೂ ಎದ್ದು ಕೂತು ಹಾಡಿ ಮತ್ತೆ ಸಾಯಬೇಕು. “ಒಮ್ಮೆ ಮುಧೋಳದಾಗ ನಾ ಒಂದ ರಾತ್ರಿ ಐದ ಸಲ ಸತ್ತೇನಿ, ಗೊತ್ತೈತೇನು?” ಎಂದು ಹೇಳುವಾಗ ಅವರ ಮುಖದಲ್ಲಿ ಬೇರೆಯೇ ಕಳೆ ಇರುತ್ತಿತ್ತು.

ಸೋನಾ ತನ್ನ ವಿಷಯ ಹೆಚ್ಚು ಹೇಳುತ್ತಿರಲಿಲ್ಲ, ಹೇಳಲು ಏನಿದೆ ಎಂದೂ ಅವಳಿಗೆ ತೋಚುತ್ತಿರಲಿಲ್ಲ. ಅಪ್ಪ ಅವ್ವ ಗೋವಾದಲ್ಲಿ ಕಟ್ಟಡದ ಕೆಲಸಕ್ಕೆ ಹೋದವರು. ಆರು ವರ್ಷದವಳಿದ್ದಾಗ ಅವಳನ್ನು ವಸತಿ ಶಾಲೆಗೆ ಸೇರಿಸಿದ್ದರು. ಅಲ್ಲಿಂದ ಇನ್ನೊಂದು ಹಾಸ್ಟೆಲ್, ಆಮೇಲೆ ಮತ್ತೊಂದು. ಭಾನುವಾರ ಫೋನು ಬರುತ್ತಿತ್ತು. ಈಗಿನ ಕೋಣೆಯಲ್ಲಿ ಜೊತೆಗಾತಿ ಬೇರೆ ಕಡೆ ಹೋದ ಮೇಲೆ ಅವಳೊಬ್ಬಳೇ. ಓದಲಿಕ್ಕೆ ಅನುಕೂಲ ಎಂದು ಗೆಳತಿಯರು ಹೊಟ್ಟೆಕಿಚ್ಚು ಪಡುತ್ತಿದ್ದರು. ಇರುವೆ ನಡೆದರೂ ಈ ಹುಡುಗಿಗೆ ಎಚ್ಚರವಾಗುತ್ತದೆ ಎಂದು ವಾರ್ಡನ್ ನಗುತ್ತಿದ್ದರು. ಸೋನಾ ಎಲ್ಲದಕ್ಕೂ ಒಂದೇ ಉತ್ತರ ಇಟ್ಟುಕೊಂಡಿದ್ದಳು: “ನನಗ ರೂಢಿ ಐತಿ.”

ಗಜರಾಬಾಯಿಯ ಒಂಟಿಮಾನ ಇಳಿಯತೊಡಗಿತು. ಮೇಲ್ಮಹಡಿಯಲ್ಲಿ ನಿಗಾ ಕೊಠಡಿಯ ಮುಖ್ಯಸ್ಥ ಅರವಿಂದ ಹೆರಕಲ್ ಅವರು ಅದನ್ನು ನೋಡಿ ಸಂತೋಷಪಟ್ಟರು. ಹೆರಕಲ್ ಕೆಟ್ಟವರಲ್ಲ. ಸಂಖ್ಯೆ ಸುಳ್ಳು ಹೇಳುವುದಿಲ್ಲ, ನಿಯಮಕ್ಕೆ ಮುಖ ನೋಡಿ ಮಣೆ ಹಾಕುವ ಚಟವಿಲ್ಲ ಎಂಬ ಎರಡು ನಂಬಿಕೆಗಳ ಮೇಲೆ ಬದುಕಿದ್ದವರು. “ಇನ್ನೊಂದು ತಿಂಗಳಾದ್ರ ನಿನ್ನ ಬಾಯಾರ ಗುಣಾ ಆದಂಗ. ಮುಂದಿನವ್ರು ಕಾಯಾಕತ್ತಾರ” ಎಂದು ಅವಳ ಬೆನ್ನು ತಟ್ಟಿದರು.

ಆ ಮಾತನ್ನು ಸೋನಾ ಶನಿವಾರ ಕೆಳಗಿನ ಕೋಣೆಯಲ್ಲಿ ಒಳ್ಳೆಯ ಸುದ್ದಿಯೆಂದೇ ಹೇಳಿದಳು. ಗಜರಾಬಾಯಿ ಪಕ್ಕದ ಹಾಸಿಗೆಯ ಕಾಶವ್ವನ ಕಡೆ ನೋಡಿದರು. ಕಾಶವ್ವ ನಕ್ಕು ನಕ್ಕು ಬೇಗ ಗುಣವಾದವಳು. ಅವಳ ಬಳಿ ಬರುತ್ತಿದ್ದ ಹುಡುಗನನ್ನು ಬೇರೆ ಕಡೆ ಕಳಿಸಿದರು; ಎರಡು ತಿಂಗಳಲ್ಲಿ ಅವಳ ಸಂಖ್ಯೆ ಮತ್ತೆ ಏರಿತು, ಈಗ ಪಾಳಿಯ ಕೊನೆಯಲ್ಲಿದ್ದಳು. ಗೋಡೆಗೆ ಮುಖ ಮಾಡಿ ಮಲಗಿದರೆ ಊಟಕ್ಕೆ ಕರೆದರೂ ತಿರುಗುತ್ತಿರಲಿಲ್ಲ.

ಅದಾದ ಮೇಲೆ ಗಜರಾಬಾಯಿಯ ಒಂಟಿಮಾನ ಇಳಿಯುವುದನ್ನು ನಿಲ್ಲಿಸಿತು. ಅರವತ್ತರ ಮೇಲೆ ಒಂದೆರಡು ಅಂಕಿ, ಅಲ್ಲೇ ಕಟ್ಟಿ ಹಾಕಿದ ಹಾಗೆ ನಿಂತಿತು. ಬುಧವಾರ ಸೋನಾ ದಿನದಿನದ ಗೆರೆಗಳನ್ನು ಬಿಡಿಸಿ ನೋಡಿದಳು. ಪ್ರತಿದಿನ ಮಧ್ಯಾಹ್ನ, ಎಲ್ಲರೂ ಚಹಾಕ್ಕೆಂದು ಊಟದ ಕೋಣೆಗೆ ಹೋಗುವ ಹೊತ್ತಿಗೆ, ಗೆರೆ ಗುಡ್ಡದಂತೆ ಏರಿ ಇಳಿಯುತ್ತಿತ್ತು. ಅದೊಂದು ಗುಡ್ಡ ಸರಾಸರಿಯನ್ನು ಮೇಲೆ ಹಿಡಿದಿತ್ತು.

“ಇಳಿಹೊತ್ತಿನಾಗ ನೆನಪು ಕಾಡ್ತಾವ” ಎಂದು ಹೆರಕಲ್ ವಿವರಿಸಿದರು.

ನೆನಪು ಹೀಗೆ ಗಡಿಯಾರ ನೋಡಿಕೊಂಡು ಕಾಡುತ್ತದೆಯೇ? ಸೋನಾ ನೀರು ಕುಡಿದು ಬರುತ್ತೇನೆಂದು ಹೇಳಿ ಮೆಟ್ಟಿಲಿಳಿದಳು.

ಕೋಣೆಯಲ್ಲಿ ಕಾಶವ್ವನ ಬೆನ್ನು ಬಿಟ್ಟರೆ ಬೇರೆ ಪ್ರೇಕ್ಷಕರಿರಲಿಲ್ಲ. ಗಜರಾಬಾಯಿ ಉಕ್ಕಿನ ಕಪಾಟಿನ ಕನ್ನಡಿಯ ಮುಂದೆ ಕುರ್ಚಿ ನಿಲ್ಲಿಸಿಕೊಂಡು, ಸೆರಗು ಹೊದ್ದು, ಪಾತ್ರದಲ್ಲಿದ್ದರು. ಯಾವುದೋ ಸಾಮಾಜಿಕ ನಾಟಕದ ಕೊನೆಯ ಅಂಕ. ತುತ್ತಿಗೆ ಗತಿಯಿಲ್ಲದ ತಾಯಿ ಮಗಳನ್ನು ಬೇರೆಯವರ ಕೈಗೆ ಒಪ್ಪಿಸಿ ಹೊರಡುವ ದೃಶ್ಯ. “ಹೋಗು ಮಗಳೇ, ತಿರುಗಿ ನೋಡಬೇಡ. ನೀನು ನೋಡಿದರೆ ನನ್ನ ಕಾಲು ಕೀಳುವುದಿಲ್ಲ” ಎಂದು ಅವರು ಕನ್ನಡಿಗೆ ಹೇಳಿದರು. ಕಂಪನಿ ನಾಟಕದ ದೊಡ್ಡ ದನಿ ಅಲ್ಲ; ಮೆತ್ತಗೆ. ಕೆನ್ನೆಯ ಪೌಡರಿನಲ್ಲಿ ನೀರು ದಾರಿ ಮಾಡಿಕೊಂಡು ಇಳಿಯುತ್ತಿತ್ತು.

ಅಳುವ ಗಂಡಸನ್ನೂ ನಗುವ ಹೆಂಗಸನ್ನೂ ನಂಬಬಾರದು ಎಂದು ಗಾದೆಯಿದೆ. ಅಳುವ ನಟಿಯ ಬಗ್ಗೆ ಗಾದೆ ಕಟ್ಟಿದವರು ಏನೂ ಹೇಳಿಲ್ಲ. ತೋಳಿನ ಪಟ್ಟಿಗೂ ಆ ವಿದ್ಯೆ ಗೊತ್ತಿರಲಿಲ್ಲ. ದುಃಖ ಸ್ವಂತದ್ದೋ ಪಾತ್ರದ್ದೋ ಎಂದು ದೇಹ ವಿಚಾರಿಸುವುದಿಲ್ಲ. ಎರಡಕ್ಕೂ ಒಂದೇ ರಸ ಸುರಿಸುತ್ತದೆ.

ಕನ್ನಡಿಯಲ್ಲಿ ಸೋನಾಳನ್ನು ಕಂಡು ಗಜರಾಬಾಯಿ ಕಣ್ಣೊರೆಸಿಕೊಂಡರು. ನಾಚಿಕೆಪಟ್ಟಂತೆ ಕಾಣಲಿಲ್ಲ.

“ಇದು ಮೋಸ ಅಲ್ಲೇನ್ರಿ ಬಾಯಾರ?”

“ಕಣ್ಣೀರು ಖರೇನ ಐತೆಲ್ಲವಾ. ಬೇಕಾದ್ರ ನೆಕ್ಕಿ ನೋಡು, ಉಪ್ಪೈತಿ.”

“ಹೆಂಗ ಬರಸ್ತೀರಿ?”

“ಬರಸಾಕ ಹೋಗಬಾರದು. ಹೋದವರು ಮಾರಿ ಕಿವುಚ್ತಾರ, ಜನ ನಗ್ತಾರ. ಅಳು ಬರಬಾರದು, ಬರಬಾರದು ಅಂತ ತಡದು ಹಿಡೀಬೇಕು. ಹಿಡದಷ್ಟೂ ಅದು ಒಡಕೊಂಡು ಬರ್ತೈತಿ. ನಮ್ಮ ಮಾಲಕ್ರು ಕಲಿಸಿದ್ದು ಇಷ್ಟ.” ಗಜರಾಬಾಯಿ ಕುರ್ಚಿಯನ್ನು ಅವಳ ಕಡೆ ತಿರುಗಿಸಿದರು. “ನಕ್ಕರ ನಿನ್ನ ಕಳಕೊಳ್ತೇನಿ, ಅತ್ತರ ನೀ ಉಳೀತಿ. ನೀನ ಹೇಳು, ಯಾವ ಪಾರ್ಟ್ ಮಾಡಲಿ?”

ಮೇಲೆ ಹೋಗಿ ಹೇಳಿದರೆ ಬಾಯಾರ ಹೆಸರು ಯೋಜನೆಯಿಂದಲೇ ಹೋಗುತ್ತದೆ. ಹೇಳದಿದ್ದರೆ ಹೀಗೇ ದಿನಾ ಅಳಬೇಕು. ಇದನ್ನೆಲ್ಲ ಯೋಚಿಸುತ್ತಿದ್ದಾಗಲೇ ಸೋನಾಳ ಬಾಯಿಂದ ಬೇರೆ ಮಾತು ಬಂತು. ಅದು ಯಾಕೆ ಬಂತೆಂದು ಅವಳಿಗೂ ತಿಳಿಯಲಿಲ್ಲ.

“ವನ್ಸ್ ಮೋರ್.”

ಆ ಎರಡು ಶಬ್ದಗಳು ಗಜರಾಬಾಯಿಯ ಕಿವಿಗೆ ಬಿದ್ದು ಎಷ್ಟು ವರ್ಷಗಳಾಗಿದ್ದವೋ. ಬೆನ್ನು ನೆಟ್ಟಗಾಯಿತು, ಸೆರಗು ಮತ್ತೆ ತಲೆಗೆ ಬಂತು. ಈ ಸಲ ಕನ್ನಡಿಯನ್ನು ಬಿಟ್ಟು ಎದುರಿಗಿದ್ದ ಹುಡುಗಿಗೇ ಹೇಳಿದರು, ಹೋಗು ಮಗಳೇ, ತಿರುಗಿ ನೋಡಬೇಡ. ಮುಗಿದ ಮೇಲೆ ಸೋನಾ ಮತ್ತೆ “ವನ್ಸ್ ಮೋರ್” ಎಂದಳು. ಮತ್ತೆ ಆಯಿತು. ಮತ್ತೆ ಕೇಳಿದಳು. ವಸತಿ ಶಾಲೆಯ ದಿನ ಬಸ್ ನಿಲ್ದಾಣದಲ್ಲಿ ಅವಳ ಅವ್ವ ಏನನ್ನೂ ಹೇಳಿರಲಿಲ್ಲ. ಬಸ್ಸಿಗೆ ಹೊತ್ತಾಯಿತೆಂದು ಓಡಿಹೋಗಿ ಹತ್ತಿದ್ದಳು, ಅಷ್ಟೆ.

ಪ್ರೇಕ್ಷಕರು ಕೇಳುವ ತನಕ ನಿಲ್ಲಿಸಬಾರದೆಂಬುದು ಕಂಪನಿಯ ಶಿಸ್ತು. ಆ ಶಿಸ್ತು ಮುಪ್ಪಿನ ಎದೆಗೆ ಭಾರವಾಯಿತು. ನಾಲ್ಕನೆಯ ಸಲ ‘ತಿರುಗಿ’ ಎಂಬಲ್ಲಿಗೆ ಬಂದಾಗ ಗಜರಾಬಾಯಿ ಎದೆ ಹಿಡಿದುಕೊಂಡರು. ಮೇಲ್ಮಹಡಿಯಲ್ಲಿ ಆಗಲೇ ಕೆಂಪು ದೀಪ ಹತ್ತಿ ಗಂಟೆ ಹೊಡೆಯುತ್ತಿತ್ತು. ಒಂಟಿಮಾನ ತೊಂಬತ್ತನ್ನು ದಾಟಿತ್ತು. ಸಿಸ್ಟರ್ ಆಮ್ಲಜನಕದ ಕೊಳವೆ ಹಿಡಿದು ಓಡಿಬಂದರು. ಸೋನಾ ಗೋಡೆಗೆ ಅಂಟಿ ನಿಂತಿದ್ದಳು.

ಜೀವಕ್ಕೆ ಅಪಾಯವಾಗಲಿಲ್ಲ. ಎದೆಯ ಬಡಿತ ತಪ್ಪಿದೆ, ಕೆಲವು ದಿನ ಅಲುಗಾಡಬಾರದು ಎಂದರು ಡಾಕ್ಟರು. ಹೆರಕಲ್ ಮರುದಿನ ಸೋನಾಳನ್ನು ನಿಗಾ ಕೊಠಡಿಗೆ ಕರೆಸಿದರು.

“ಕುಂದ್ರು. ಆ ಹೊತ್ತಿನಾಗ ನೀ ಕೆಳಗಿದ್ದಿ. ಗೆರಿ ಏರಿದ್ದು ನೀ ಹೋದ ಮ್ಯಾಲೆ. ಇಂಥಾ ಭೇಟಿಗಾರರನ್ನ ಹಾನಿಕರ ಅಂತ ಈ ನಿಲಯದಿಂದ ತಗದು ಹಾಕಬೇಕು, ನಿಯಮ ಐತಿ. ಏನ್ ಮಾತಾಡ್ದಿ ಅವರ ಕೂಡ?”

ನಾಟಕದ ವಿಷಯ ಹೇಳಿದರೆ ತಪ್ಪು ಬಾಯಾರ ತಲೆಗೆ ಹೋಗುತ್ತದೆ. ಸೋನಾ ಅದನ್ನು ನುಂಗಿಕೊಂಡಳು. “ನಾನ ಅಳಿಸಿದ್ನಿರಿ ಸರ್. ನಂದ ತಪ್ಪು.”

“ಅಳಿಸಿದಿ ಅಂದ್ರ ನಿನಗೂ ಏನೋ ಆಗಿರಬೇಕಲ್ಲ.” ವರದಿ ಪೂರ್ತಿಯಾಗಲೆಂದು ಹೆರಕಲ್ ಅವಳ ತೋಳಿನ ಪಟ್ಟಿಯ ಗೆರೆಯನ್ನು ಪರದೆಯ ಮೇಲೆ ತೆರೆದರು. ಈ ಮೂರು ತಿಂಗಳಲ್ಲಿ ಅದನ್ನು ಯಾರೂ ತೆರೆದಿರಲಿಲ್ಲ. ಯಂತ್ರ ತನ್ನಷ್ಟಕ್ಕೆ ತಾನು ಕಳೆಯುತ್ತ ಹೋಗಿತ್ತು.

ಅವರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ಪಟ್ಟಿ ಕೆಟ್ಟಿರಬೇಕೆಂದು ಹೊಸದೊಂದನ್ನು ಅವಳ ತೋಳಿಗೆ ಅಂಟಿಸಿ, ಚಹಾ ತರಿಸಿ, ಕುಡಿದು ಮುಗಿಯುವವರೆಗೆ ಕಾದರು. ಹೊಸ ಪಟ್ಟಿಯೂ ಅದನ್ನೇ ಹೇಳಿತು. ಎಂಬತ್ತರ ಆಚೆ. ಇಡೀ ನಿಲಯದಲ್ಲಿ ಕಾಶವ್ವನೊಬ್ಬಳನ್ನು ಬಿಟ್ಟರೆ ಅಷ್ಟು ಎತ್ತರದ ಸಂಖ್ಯೆ ಯಾರದೂ ಇರಲಿಲ್ಲ. ಮೊದಲ ದಿನದಿಂದಲೂ ಅದು ಹಾಗೇ ಇತ್ತು. ಶನಿವಾರ ಮಾತ್ರ ಇಳಿಯುತ್ತಿತ್ತು, ಸೋಮವಾರದ ಹೊತ್ತಿಗೆ ಮತ್ತೆ ಅಲ್ಲೇ. ನಿನ್ನೆ ಮಧ್ಯಾಹ್ನ ಮುದುಕಿಯ ಗೆರೆ ಮುಗಿಲಿಗೆ ಹಾರುತ್ತಿದ್ದ ಹೊತ್ತಿನಲ್ಲಿ ಹುಡುಗಿಯ ಗೆರೆ ಎಂದೂ ಇಳಿಯದಷ್ಟು ಕೆಳಗೆ ಇಳಿದಿತ್ತು.

“ರಾತ್ರಿ ನಿದ್ದಿ ಮಾಡ್ತೀಯಿಲ್ಲೋ?” ಹೆರಕಲ್ ಕೇಳಿದರು.

“ಮಾಡ್ತೇನ್ರಿ. ಸಪ್ಪಳಾದ್ರ ಎಚ್ಚರಾಗ್ತೈತಿ. ರೂಢಿ ಐತಿ.”

ಹೆರಕಲ್ ನಿಯಮವನ್ನು ತಾವೇ ಬಾಯಿಪಾಠ ಒಪ್ಪಿಸುವವರ ಹಾಗೆ ಹೇಳಿದರು. “ಅರವತ್ತು ದಾಟಿದವರು ಯಾರೇ ಆಗಲಿ. ವಯಸ್ಸು ಬರದಿಲ್ಲ. ಬರದವರಿಗೆ ನೆನಪಾಗಿರಾಕಿಲ್ಲ.” ಯಂತ್ರವನ್ನು ಕೇಳಿದರು, ಈ ಸಂಖ್ಯೆಯನ್ನು ಅತಿ ಹೆಚ್ಚು ಇಳಿಸಬಲ್ಲವರು ಯಾರು ಎಂದು. ಅದು ಯೋಚಿಸಲೂ ಇಲ್ಲ. ಅದರ ಬಳಿ ಇದ್ದದ್ದು ಒಂದೇ ಹೆಸರು: ಗಜರಾಬಾಯಿ ಕೆರೂರ.

“ನಿನಗ ಬಾಯಾರ ಭೇಟಿಗಾರರಾಗಿ ಬರ್ತಾರ, ನೀ ಒಪ್ಪಿದ್ರ. ಆದ್ರ ಭೇಟಿ ಪಡೆಯೋ ವಿದ್ಯಾರ್ಥಿಗಳು ಆ ವರ್ಷ ಸೇವಾ ಮಾಡಾಂಗಿಲ್ಲ. ಈ ವರ್ಷದ ನಿನ್ನ ಸೇವಾ ರದ್ದಾಗ್ತೈತಿ, ಮುಂದಿನ ವರ್ಷ ಮತ್ತ ಮಾಡಬೇಕು. ಹಾಸ್ಟೆಲ್‌ಗೂ ತಿಳಸಬೇಕಾಗ್ತೈತಿ.”

ಸೋನಾ ಎದ್ದು ನಿಂತಳು. ಮುಖ ಕೆಂಪಾಗಿತ್ತು. “ನಾ ಪೇಷಂಟ್ ಅಲ್ರಿ ಸರ್! ನನಗೇನ್ ಆಗೇತಿ? ಅಪ್ಪ ಅವ್ವ ಅದಾರ, ಫೋನ್ ಮಾಡ್ತಾರ. ಊಟ ಐತಿ, ರೂಮ್ ಐತಿ. ಹಾಸ್ಟೆಲ್ನಾಗ ಎಲ್ಲಾರೂ ನಗ್ತಾರ.”

“ಜ್ವರ ರೂಢಿ ಆದ್ರ ಜ್ವರ ಅಲ್ಲಂತ ಆಗೂದಿಲ್ಲವಾ.”

ಒಲ್ಲೆ ಎಂದರೆ ಏನೂ ನಷ್ಟವಿರಲಿಲ್ಲ. ಬೇರೆ ನಿಲಯದಲ್ಲಿ ಉಳಿದ ವಾರಗಳನ್ನು ಮುಗಿಸಿ ಅಂಕ ತೆಗೆದುಕೊಂಡು ಹೋಗಬಹುದಿತ್ತು. ಗಜರಾಬಾಯಿಗೆ ಬೇರೊಬ್ಬರು ಸಿಗುತ್ತಿದ್ದರು. ಮಧ್ಯಾಹ್ನದ ನಾಟಕ ಮುಂದುವರಿಯುತ್ತಿತ್ತು, ಎದೆ ತಡೆಯುವವರೆಗೆ. ಸೋನಾ ಬಾಗಿಲ ತನಕ ಹೋದಳು. ಅಲ್ಲಿ ನಿಂತು, ತಿರುಗದೆ ಕೇಳಿದಳು.

“ಭೇಟಿಗಾರರ ಸಂಖ್ಯೆ ಎಷ್ಟ ಇಳದ್ರೂ ಭೇಟಿ ನಿಲ್ಲೂದಿಲ್ಲಲ್ರಿ ಸರ್?”

“ಇಲ್ಲ. ಅವರದನ್ನ ಯಾರು ನೋಡ್ತಾರ?”

“ಹಂಗಾದ್ರ ಬಾಯಾರು ದಿನಾ ನಾಟಕ ಮಾಡೂದು ತಪ್ಪತೈತಿ.”

ಆಡಿದ ಮೇಲೆ ಅವಳು ನಾಲಿಗೆ ಕಚ್ಚಿಕೊಂಡಳು. ಹೆರಕಲ್ ‘ಯಾವ ನಾಟಕ’ ಎಂದು ಕೇಳಲಿಲ್ಲ. ಮಧ್ಯಾಹ್ನದ ಆ ಗುಡ್ಡಗಳ ಸಾಲನ್ನು ಒಮ್ಮೆ ನೋಡಿ ಪರದೆ ಆರಿಸಿದರು. ನಿಯಮದ ಮನುಷ್ಯ ತನ್ನ ನೌಕರಿಯಲ್ಲಿ ಮಾಡಿದ ಒಂದೇ ಒಂದು ಕಳ್ಳತನ ಅದು. “ಹಂಗಾದ್ರ ಒಪ್ಪಿಗಿ ಅಂತ ಬರಕೊಳ್ಳಲೆ?” ಎಂದರು. ಸೋನಾ ತಲೆಯಾಡಿಸಿದಳು.

ಹಾಸ್ಟೆಲ್ಲಿನಲ್ಲಿ ಎಲ್ಲರೂ ನಗಲಿಲ್ಲ, ಕೆಲವರು ನಕ್ಕರು. ಒಬ್ಬಿಬ್ಬರು ಮಾತ್ರ ಸಂಜೆ ಅವಳ ಕೋಣೆಯ ಮುಂದೆ ಸುಳಿದಾಡಿ, ಆ ಪಟ್ಟಿ ತಮಗೂ ಒಂದು ಸಿಗುತ್ತದೆಯೇ ಎಂದು ಮೆಲ್ಲಗೆ ಕೇಳಿ ಹೋದರು. ಗೋವಾದಿಂದ ಅವ್ವ ಫೋನು ಮಾಡಿ, “ಏನ್ ಜಡ್ಡು ಅದು?” ಎಂದು ಗಾಬರಿಯಾದಳು. ಏನಿಲ್ಲ, ಕಾಲೇಜಿನದೊಂದು ಪ್ರಯೋಗ ಎಂದು ಸೋನಾ ಸಮಾಧಾನ ಹೇಳಿದಳು.

ಗಜರಾಬಾಯಿಯ ಎದೆ ಸುಧಾರಿಸಿದ ಮೇಲಿನ ಶನಿವಾರ ನಿಲಯದ ವ್ಯಾನು ಹಾಸ್ಟೆಲ್ಲಿನ ಅಂಗಳಕ್ಕೆ ಬಂದು ನಿಂತಿತು. ಡ್ರೈವರ್ ಗಾಲಿ ಕುರ್ಚಿಯನ್ನು ಇಳಿಸಿ ಸೋನಾಳ ಕೋಣೆಯ ಬಾಗಿಲಿಗೆ ತಂದ. ಗಜರಾಬಾಯಿ ಇಳಕಲ್ ಸೀರೆ ಉಟ್ಟು, ಎಂದಿಗಿಂತ ಹೆಚ್ಚು ಪೌಡರ್ ಹಚ್ಚಿದ್ದರು. ಎದೆಯ ಮೇಲೆ ‘ಭೇಟಿಗಾರ’ ಎಂಬ ಬಿಲ್ಲೆ. ಒಳಗೆ ಬರಲಿಲ್ಲ, ಹೊಸ್ತಿಲ ಹೊರಗೇ ಕುರ್ಚಿ ನಿಲ್ಲಿಸಿ, ಗಂಟಲು ಸರಿ ಮಾಡಿಕೊಂಡು, ಆಮೇಲೆ ಗಾಲಿಗಳನ್ನು ತಾವೇ ತಿರುಗಿಸುತ್ತ ಎಂಟ್ರಿ ತೆಗೆದುಕೊಂಡರು.

“ನನ್ನ ಸಂಖ್ಯೆ ಈಗ ಎಷ್ಟರ ಇಳೀಲಿ, ಹೇಳವರು ಕೇಳವರು ಇಲ್ಲ. ಬೆಳಿಗ್ಗಿಂದ ನಗಾಕತ್ತೇನಿ” ಎಂದರು. “ಮುಂದಿನ ವಾರ ಕಾಶವ್ವನ್ನೂ ಕರಕೊಂಡು ಬರ್ತೇನಿ. ಆಕಿಗೂ ಒಂದು ಬಿಲ್ಲೆ ಕೊಡ್ರಿ ಅಂತ ನಿಮ್ಮ ಸರ್‌ಗೆ ಗಂಟು ಬಿದ್ದೇನಿ.”

“ನನ್ನದು ಇಳದ್ರ ಏನ್ ಮಾಡೂದು ಬಾಯಾರ? ನೀವು ಬರೂದು ನಿಲ್ತೈತಿ.”

“ಆವಾಗ ಮತ್ತ ನನ್ನ ಪಾಳಿ. ಅಳೂದು ನನಗೇನು ಹೊಸಾದೇನು?”

ಸೋನಾ ನಕ್ಕಳು. ಗಜರಾಬಾಯಿ ನಗಲಿಲ್ಲ. ಅವರು ತರಬೇತಿ ಮುಗಿಸಿ ಬಂದ ಭೇಟಿಗಾರರು. ಆ ಮೂರು ಪ್ರಶ್ನೆಗಳನ್ನು ಅವರಿಗೂ ಕಲಿಸಲಾಗಿತ್ತು. ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಜೀವವಿಲ್ಲದ ಡೈಲಾಗ್ ಎಂದು ತಾವೇ ಹೀಯಾಳಿಸಿದ್ದ ಮಾತನ್ನು ಮೆತ್ತಗೆ, ಒಂದೊಂದಾಗಿ ಕೇಳಿದರು.

“ಊಟ ಆತೇನು ಮಗಳ?”

“ಆತ್ರಿ.”

“ನಿದ್ದಿ ಚೊಲೊ ಬಂತೇನು?”

ರೂಢಿ ಐತಿ ಎನ್ನಬೇಕೆಂದು ಸೋನಾ ಬಾಯಿ ತೆರೆದಳು. ಭಾನುವಾರದ ಫೋನಿನಲ್ಲಿ ಊಟದ ವಿಚಾರ ಬರುತ್ತಿತ್ತು, ಪರೀಕ್ಷೆಯ ವಿಚಾರ ಬರುತ್ತಿತ್ತು. ನಿದ್ದೆಯ ವಿಚಾರ ಯಾರೂ ಹೀಗೆ ಎದುರಿಗೆ ಕೂತು ಕೇಳಿದ ನೆನಪು ಅವಳಿಗಿರಲಿಲ್ಲ. ಅಳು ಬರಬಾರದು, ಬರಬಾರದು ಎಂದು ಅವಳು ಹಲ್ಲು ಕಚ್ಚಿ ತಡೆದು ಹಿಡಿದಳು. ಕಂಪನಿಯ ಮಾಲೀಕರು ಕಲಿಸಿದ ವಿದ್ಯೆ ಸುಳ್ಳಾಗಲಿಲ್ಲ. ಹಿಡಿದಷ್ಟೂ ಅದು ಒಡೆದುಕೊಂಡು ಬಂತು.

ಗಜರಾಬಾಯಿ ಮೊದಲು ನುರಿತ ಕಣ್ಣುಗಳಿಂದ ನೋಡಿದರು, ಹಳೆಯ ನಟಿ ಹೊಸ ನಟಿಯನ್ನು ನೋಡುವ ಹಾಗೆ. ಆಮೇಲೆ ಕುರ್ಚಿಯನ್ನು ಹತ್ತಿರಕ್ಕೆ ನೂಕಿಕೊಂಡು ಬಂದು, ಪೌಡರ್ ಮೆತ್ತಿದ ಸೆರಗಿನಿಂದ ಅವಳ ಮುಖ ಒರೆಸಿದರು. ವನ್ಸ್ ಮೋರ್ ಎನ್ನಲಿಲ್ಲ.